ಫ್ಯಾಂಟಸಿ ವಿಡಿಯೊ ಗೇಮ್ ಸಂಗೀತ ಮತ್ತು ಚಿತ್ರಸಂಗೀತ

ಮಾಟ, ಡ್ರ್ಯಾಗನ್, ಕಾಲ್ಪನಿಕ ರಾಜ್ಯಗಳ ಕಥೆಯುಳ್ಳ ಗೇಮ್‌ಗಳ ಹಿನ್ನೆಲೆ ಸಂಗೀತಕ್ಕೆ ಸಿನಿಮಾ ಸಂಗೀತದೊಡನೆ ಹತ್ತಿರದ ನಂಟಿದೆ. ಪಾತ್ರಕ್ಕೊಂದು, ಊರಿಗೊಂದು ಮರುಕಳಿಸುವ ಧಾಟಿ ಕೊಡುವ ಪದ್ಧತಿಯಲ್ಲಿ ಎರಡೂ ವಾಗ್ನರನ ಒಪೆರಾಗಳಿಗೆ ಋಣಿ. ಹೋವರ್ಡ್ ಶೋರ್ ‘ದ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರತ್ರಯದಲ್ಲಿ (2001–2003) ಮೂಲ ಕಾದಂಬರಿಕಾರ ಟೋಲ್ಕಿನ್ ಕಟ್ಟಿದ ಭಾಷೆಗಳಲ್ಲೇ ಮೇಳಗಾಯನ ಹಾಡಿಸಿದರು. ಜೆರೆಮಿ ಸೋಲ್ ‘ಸ್ಕೈರಿಮ್’ (2011) ಗೇಮ್‌ನ ಮುಖ್ಯ ಗೀತೆಯಲ್ಲಿ ಹಿಡಿದದ್ದೂ ಅದೇ ದಾರಿ: ಸುಮಾರು 30 ಗಂಡಸರು ಗೇಮ್‌ಗಾಗಿ ಕಟ್ಟಿದ ಡ್ರ್ಯಾಗನ್ ಭಾಷೆಯಲ್ಲಿ ಹಾಡಿದ್ದನ್ನು ಮೂರು ಸಲ ಮುದ್ರಿಸಿ, ಒಂದರ ಮೇಲೊಂದು ಕೂರಿಸಿದ್ದರಿಂದ ತೊಂಬತ್ತು ಕಂಠಗಳಂತೆ ಮೊಳಗುತ್ತದೆ. ಅರ್ಥ ತಿಳಿಯದಿದ್ದರೂ ಮೈ ಜುಮ್ಮೆನ್ನುತ್ತದೆ.

ಮೊದಲಿಗೆ ಇಷ್ಟು ವೈಭವವಿರಲಿಲ್ಲ. ನೊಬುವೊ ಉಎಮಾತ್ಸು ‘ಫೈನಲ್ ಫ್ಯಾಂಟಸಿ’ಗೆ (1987) ಸಂಗೀತ ರಚಿಸಿದ್ದು ಐದೇ ಧ್ವನಿ ಚಾನೆಲ್‌ಗಳ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ; ಥಟ್ಟನೆ ಬಾಯಿಗೆ ಹತ್ತುವ ಧಾಟಿಗಳು ಹುಟ್ಟಿದ್ದು ಆ ಬಡತನದಿಂದಲೇ ಎನ್ನಬಹುದು.

ಆದರೆ ಸಿನಿಮಾ ಸಂಗೀತದೊಡನೆ ಇರುವ ಸಾಮ್ಯ ಒಂದು ಹಂತದಲ್ಲಿ ನಿಲ್ಲುತ್ತದೆ. ಸಿನಿಮಾ ದೃಶ್ಯದ ಅಳತೆ ಮೊದಲೇ ಗೊತ್ತು. ಆಟಗಾರನಾದರೋ ಕಾಡನ್ನು ಎರಡು ನಿಮಿಷದಲ್ಲಿ ದಾಟಬಹುದು, ಎರಡು ಗಂಟೆ ಅಲೆಯಲೂಬಹುದು. ಅದಕ್ಕೇ ಗೇಮ್ ಸಂಗೀತವನ್ನು ಬೆಸುಗೆ ಕಾಣದಂತೆ ಸುತ್ತುವ ತುಣುಕುಗಳಾಗಿ, ಪದರಗಳಾಗಿ ರಚಿಸುತ್ತಾರೆ. ಶತ್ರು ಎದುರಾದೊಡನೆ ನಗಾರಿಯ ಪದರ ಬಂದು ಸೇರಿಕೊಳ್ಳುತ್ತದೆ.