ಕಡತಲೇಖನ, ನೋಡ್.ಜೆಎಸ್‌ನಲ್ಲಿ

ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೌಸರಿನ ಹೊರಗೆ, ಸರ್ವರ್ ಗಣಕದಲ್ಲಿ ನಡೆಸುವ, 2009ರಲ್ಲಿ ರಯಾನ್ ಡಾಲ್ ಹೊರತಂದ ನೋಡ್.ಜೆಎಸ್ ವ್ಯವಸ್ಥೆಯಲ್ಲಿ ದತ್ತಾಂಶವನ್ನು ಡಿಸ್ಕಿನ ಕಡತಕ್ಕೆ ಬರೆಯುವ ಕಾರ್ಯವು 'ಎಫ್‌ಎಸ್' ಎಂಬ ಅಂತರ್ಗತ ಘಟಕಕ್ಕೆ ಸೇರಿದುದು. ಇದರ 'ರೈಟ್‌ಫೈಲ್' ಕಡತವಿಲ್ಲದಿದ್ದರೆ ಸೃಷ್ಟಿಸುವುದು, ಇದ್ದರೆ ಪೂರ್ವಲಿಖಿತವನ್ನೆಲ್ಲ ಅಳಿಸಿ ಹೊಸದನ್ನಿಡುವುದು. 'ಅಪೆಂಡ್‌ಫೈಲ್' ಕೊನೆಗೆ ಜೋಡಿಸುವುದು.

ಕನ್ನಡವನ್ನು ಬರೆಯುವವರು ವಿಶೇಷವಾಗಿ ಅರಿಯತಕ್ಕ ವಿಷಯವೊಂದುಂಟು. ಯುಟಿಎಫ್-8 ಸಂಕೇತಕ್ರಮದಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ, ಸ್ವರಚಿಹ್ನೆಗೂ 3 ಬೈಟುಗಳು ಬೇಕಾಗುವುದರಿಂದ, ಕಣ್ಣಿಗೆ 4 ಅಕ್ಷರಗಳಾಗಿ ತೋರುವ 'ಹರಿಹರ'ವು ವರ್ಣ, ಸ್ವರಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುವ ಜಾವಾಸ್ಕ್ರಿಪ್ಟಿಗೆ 5 ಮಾನಗಳೂ ಕಡತದಲ್ಲಿ 15 ಬೈಟುಗಳೂ ಆಗುವುದು. 'ದಾವಣಗೆರೆ'ಯು ಹಾಗೆಯೇ 5 ಅಕ್ಷರ, 8 ಮಾನ, 24 ಬೈಟು. ಮಾನದ ಸಂಖ್ಯೆಯನ್ನೇ ಬೈಟಿನ ಸಂಖ್ಯೆಯೆಂದು ಭಾವಿಸಿ ಪಾಠವನ್ನು ತುಂಡರಿಸಿದರೆ ಅಕ್ಷರವೇ ಭಗ್ನವಾಗುವುದು. 1224ರ ಸುಮಾರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳಂತಹ ಅಮೂಲ್ಯ ಪಾಠಗಳನ್ನು ಗಣಕಕ್ಕೇರಿಸುವವರಿಗೆ ಈ ಎಚ್ಚರವು ಅತ್ಯಾವಶ್ಯಕ.

ಬರೆದುದು ತತ್‌ಕ್ಷಣವೇ ಡಿಸ್ಕನ್ನು ಸೇರಿತೆಂದು ನಂಬಲಾಗದು, ಏಕೆಂದರೆ ಕಾರ್ಯಾಚರಣ ವ್ಯವಸ್ಥೆಯು ಅದನ್ನು ಕೆಲಕಾಲ ಸ್ಮೃತಿಯಲ್ಲಿ ಇರಿಸಿಕೊಳ್ಳುವುದುಂಟು. ನಡುವೆ ವಿದ್ಯುತ್ತು ಹೋದರೆ ಕಡತವು ಅಪೂರ್ಣವಾಗಿ ಉಳಿಯಬಹುದು. ಆದಕಾರಣ ಮೂಲ ಕಡತವಿರುವ ಕೋಶದಲ್ಲಿಯೇ ತಾತ್ಕಾಲಿಕ ಕಡತವೊಂದಕ್ಕೆ ಬರೆದು, 'ಎಫ್‌ಸಿಂಕ್' ಮೂಲಕ ಡಿಸ್ಕಿಗೆ ತಲುಪಿಸಿ, ಅನಂತರ 'ರಿನೇಮ್' ಕ್ರಿಯೆಯಿಂದ ಮೂಲದ ಹೆಸರನ್ನು ಕೊಡುವ ಕ್ರಮವೇ ಪ್ರಶಸ್ತವಾದುದು. ಒಂದೇ ಕಡತಕ್ಕೆ ಎರಡು 'ರೈಟ್‌ಫೈಲ್' ಕರೆಗಳನ್ನು, ಮೊದಲನೆಯದು ಮುಗಿಯುವ ಮುನ್ನ, ಹೊರಡಿಸಕೂಡದು. ಬೃಹತ್ ದತ್ತಾಂಶವನ್ನು 'ಕ್ರಿಯೇಟ್‌ರೈಟ್‌ಸ್ಟ್ರೀಮ್' ಮೂಲಕ ಪ್ರವಾಹರೂಪದಲ್ಲಿ ಬರೆಯುವರು; ಅದರ 'ರೈಟ್' ಕರೆಯು 'ಫಾಲ್ಸ್' ಎಂದು ಉತ್ತರಿಸಿದಾಗ 'ಡ್ರೇನ್' ಸೂಚನೆ ಬರುವವರೆಗೆ ಕಾಯದಿದ್ದರೆ ಸ್ಮೃತಿಯು ತುಂಬುತ್ತ ಹೋಗುವುದು.