ಅಂಕಣದ ಅತಿಥಿಗಳು



ಕಾರವಾರದ ನಮ್ಮ ಬಡಾವಣೆಯ ಸಭೆಯಲ್ಲಿ, ಷಟಲ್ ಅಂಕಣಕ್ಕೆ ಹೊರಗಿನ ಹುಡುಗರನ್ನು ಬಿಡಬಾರದೆಂಬ ಸಲಹೆ ಬಂದಿತು. ನನಗೆ ಹಳೆಯ ಇತಿಹಾಸ ನೆನಪಾಯಿತು.

1862ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿ 1875ರಲ್ಲಿ ಹುಟ್ಟಿದ ಬಾಂಬೆ ಜಿಮಖಾನಾ ಐರೋಪ್ಯರಿಗೇ ಮೀಸಲಾಗಿತ್ತು. ಭಾರತೀಯರು ಮತಕ್ಕೊಂದರಂತೆ ಜಿಮಖಾನಾ ಕಟ್ಟಿಕೊಂಡರು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಸ್ಥಾಪಿಸಿದರು.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ, ಅಂಕೋಲೆಗಳ ನಡುವಣ ಹಲವು ಹಳ್ಳಿಗರು ಮನೆಯನ್ನೂ ಆಟದ ಮರಳನ್ನೂ ಬಿಟ್ಟುಕೊಟ್ಟರು. ಈ ಹುಡುಗರಲ್ಲಿ ಕೆಲವರು ಅವರ ಮೊಮ್ಮಕ್ಕಳು.

ಸಭೆಯಲ್ಲಿ ನಾನು ಇಷ್ಟನ್ನೇ ಹೇಳಿದೆ. ಕಡೆಗೆ, ಸದಸ್ಯನೊಡನೆ ಇಬ್ಬರು ಅತಿಥಿಗಳು, ಪುಸ್ತಕದಲ್ಲಿ ಹೆಸರು, ಶನಿವಾರ ಸಂಜೆ ಎಲ್ಲರಿಗೂ ಮುಕ್ತ ಎಂದು ತೀರ್ಮಾನವಾಯಿತು. ಆ ಸಂಜೆಗಳಲ್ಲಿ ಗದ್ದಲದಿಂದ ನನ್ನ ಓದು ಸಾಗದು, ಅದಕ್ಕೆ ಬೇಸರವಿಲ್ಲ.