ಹಳ್ಳಿಯಲ್ಲಿ ನಿಲ್ಲುವ ವೈದ್ಯ

ಹಳ್ಳಿಗೆ ವೈದ್ಯನನ್ನು ಕಳುಹಿಸುವುದು ಸುಲಭ. ಅಲ್ಲಿ ನಿಲ್ಲಿಸಿಕೊಳ್ಳುವುದು ಕಷ್ಟ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಗೆ ನಾವು ದೃಷ್ಟಿ ಹಾಯಿಸಿದರೆ ಈ ಮಾತಿನ ಅರ್ಥವು ಸ್ಪಷ್ಟವಾಗುತ್ತದೆ. ಕಬ್ಬು, ಹೊಗೆಸೊಪ್ಪುಗಳನ್ನು ಬೆಳೆಯುವ ಈ ಸೀಮೆಯು ಬಡನಾಡಲ್ಲ. ಆದರೆ ಬಹುಕಾಲ ಅದು ಹಲವು ಆಡಳಿತಗಳ ಅಂಚಿನಲ್ಲಿದ್ದಿತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಗೆ ಸೇರಿದ್ದರೆ, ರಾಯಬಾಗವು 1949ರ ವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿದ್ದಿತು.

ಕಾಗವಾಡದಿಂದ ಕೆಲವೇ ಹರದಾರಿ ದೂರದ ಮೀರಜಿನಲ್ಲಿ ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಆಸ್ಪತ್ರೆಯನ್ನು ತೆರೆದರು. 1897ರಲ್ಲಿ ವೈದ್ಯಶಾಲೆಯನ್ನೂ ಆರಂಭಿಸಿ, 1928ರ ವರೆಗೆ ಅಲ್ಲಿಯೇ ದುಡಿದರು. ಇದಕ್ಕೆ ಧರ್ಮಶ್ರದ್ಧೆಯೊಂದೇ ಕಾರಣವೆಂದರೆ ಅರ್ಧಸತ್ಯವನ್ನು ಮಾತ್ರ ಹೇಳಿದಂತಾಗುವುದು. ಅವರಿಗೆ ಶಸ್ತ್ರಚಿಕಿತ್ಸೆಗೆ ತಕ್ಕ ಕಟ್ಟಡವಿದ್ದಿತು, ಜೊತೆಗಾರರಿದ್ದರು, ಶಿಷ್ಯರಿದ್ದರು. ರೋಗಿಗಳನ್ನು ತರುವ ರೈಲೂ ಇದ್ದಿತು. ಒಂಟಿಯಾಗಿ ಒಂದು ಚಿಕ್ಕ ದವಾಖಾನೆಯಲ್ಲಿ ಕುಳಿತ ವೈದ್ಯನಿಗೆ ಇವುಗಳಲ್ಲಿ ಯಾವುದು ದೊರೆತೀತು?

ಆಗ ಅಲ್ಪಾವಧಿಯ ಶಿಕ್ಷಣ ಪಡೆದ ಎಲ್.ಎಂ.ಪಿ. ವೈದ್ಯರೇ ದೇಶದಲ್ಲಿ ಬಹುಸಂಖ್ಯಾತರಾಗಿದ್ದರು. 1946ರ ಭೋರ್ ಸಮಿತಿಯು ಆ ವರ್ಗವನ್ನು ನಿಲ್ಲಿಸಿ, ಒಂದೇ ಮಟ್ಟದ ಪದವೀಧರರನ್ನು ತಯಾರಿಸಬೇಕೆಂದು ಸೂಚಿಸಿತು. ಸಮಿತಿಯ ಕೆಲವು ಸದಸ್ಯರು ಇದನ್ನು ಒಪ್ಪಲಿಲ್ಲ. ವಿದ್ಯೆಯ ಮಟ್ಟವೇನೋ ಏರಿತು. ಆದರೆ ಪದವಿಯೊಡನೆ ಪಟ್ಟಣದ ಆಸೆಯೂ ಬೆಳೆಯಿತು. 1963ರಲ್ಲಿ ಬೆಳಗಾವಿಯಲ್ಲಿಯೇ ವೈದ್ಯಕೀಯ ಕಾಲೇಜು ಹುಟ್ಟಿತು. ಕಾಲೇಜು ಹತ್ತಿರ ಬಂದ ಮಾತ್ರಕ್ಕೆ ವೈದ್ಯನು ಹಳ್ಳಿಗೆ ಹತ್ತಿರವಾಗಲಿಲ್ಲ. 2012ರಲ್ಲಿ ಕರ್ನಾಟಕವು ವೈದ್ಯಪದವೀಧರರಿಗೆ ಒಂದು ವರ್ಷದ ಸೇವೆಯನ್ನು ಕಡ್ಡಾಯಮಾಡುವ ಕಾಯಿದೆಯನ್ನು ರಚಿಸಿತು. ಕಾಯಿದೆಯು ವೈದ್ಯನನ್ನು ಕರೆತರಬಲ್ಲುದು. ವರ್ಷ ಮುಗಿದೊಡನೆ ಗಂಟುಮೂಟೆ ಕಟ್ಟುವವನನ್ನು ತಡೆಯಲಾರದು.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಕೆಲವು ಉಪಾಯಗಳನ್ನು ಸೂಚಿಸಿತು: ಗ್ರಾಮಗಳಲ್ಲಿ ಬೆಳೆದವರನ್ನೇ ಶಿಕ್ಷಣಕ್ಕೆ ಆರಿಸುವುದು, ಶಾಲೆಗಳನ್ನು ನಗರದ ಹೊರಗೆ ಸ್ಥಾಪಿಸುವುದು, ತಕ್ಕ ವೇತನ, ವಸತಿ, ಮೇಲ್ವಿಚಾರಣೆ ಹಾಗೂ ಮುಂದುವರಿದ ಕಲಿಕೆಗಳನ್ನು ಒದಗಿಸುವುದು. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿರುವ ಈ ಗಡಿನಾಡಿನಲ್ಲಿ ಮೊದಲನೆಯ ಮಾತಿಗೆ ವಿಶೇಷ ಬೆಲೆಯುಂಟು. ರೋಗಿಯ ನುಡಿಯನ್ನು ಬಲ್ಲ ದಾದಿಗೆ ಅರ್ಧ ರೋಗವು ಮಾತಿನಲ್ಲಿಯೇ ತಿಳಿಯುವುದು.

ನಡುರಾತ್ರಿಯಲ್ಲಿ ಹೆರಿಗೆ ಕಷ್ಟವಾದಾಗ ತಾಯಿಯ ಪ್ರಾಣವು ನಿಂತಿರುವುದು ಬಾಗಿಲು ತೆರೆಯುವ ಒಬ್ಬ ದಾದಿಯ ಮೇಲೆ. ಆಕೆಗೆ ಭದ್ರವಾದ ಮನೆ, ಮಕ್ಕಳಿಗೆ ಶಾಲೆ, ಕೈಗೆ ಔಷಧ, ಕಷ್ಟದಲ್ಲಿ ಸಲಹೆ ಕೊಡುವ ಹಿರಿಯರು ಇದ್ದಾರೆಯೇ? ನಗರವಾಸಿಗಳಾದ ನಾವು ಹಳ್ಳಿಯ ವೈದ್ಯನಿಂದ ತ್ಯಾಗವನ್ನು ಕೇಳುವ ಮುನ್ನ ಈ ಪ್ರಶ್ನೆಗೆ ಉತ್ತರ ಕೊಡಬೇಕು.